‘ಕಸಿ ಗಿಡ’ ಎಂದು ಮಾರಿದ ಬೀಜದ ಮಾವು: ಕೊಳ್ಳುವ ಮುನ್ನ ಕಾಂಡ ನೋಡಿ

ಹಿತ್ತಲಿನ ಮಾವು ಹೂ ಬಿಡದಿರುವುದಕ್ಕೆ ಹಲವು ಕಾರಣಗಳಿರುತ್ತವೆ. ಅವನ್ನೆಲ್ಲ ಒಂದೊಂದಾಗಿ ನನಗೆ ಹೇಳಿ, ನಿಜವಾದ ಕಾರಣವೊಂದನ್ನು ಮಾತ್ರ ಮುಚ್ಚಿಟ್ಟ ನರ್ಸರಿಯವರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅವರು ಮಾರಿದ್ದು ಕಸಿ ಗಿಡವೆಂದೇ, ಅಂದರೆ ಬೀಜದಿಂದ ಬೆಳೆದ ಸಸಿಯ ಕಾಂಡಕ್ಕೆ ಒಳ್ಳೆ ತಳಿಯ ಕಡ್ಡಿ ಕೂಡಿಸಿ ಬೆಳೆಸಿದ ಗಿಡವೆಂದೇ; ಪಡೆದದ್ದು ಕಸಿ ಗಿಡದ ಬೆಲೆಯನ್ನೇ. ಕಸಿ ಮಾವು ಸಾಮಾನ್ಯವಾಗಿ 3–4 ವರ್ಷಕ್ಕೆ ಹೂ ಬಿಡುತ್ತದೆ. ನಮ್ಮದು ಆ ವಯಸ್ಸು ದಾಟಿದರೂ ಬರೀ ಚಿಗುರುತ್ತಿತ್ತು.

ಕೇಳಿದಾಗ ಮೊದಲು ಬಂದ ಉತ್ತರ, “ಬಿಸಿಲು ಸಾಲದು ಸಾರ್.” ಗಿಡ ನಿಂತಿರುವುದು ಬೆಳಗಿನಿಂದ ಸಂಜೆಯವರೆಗೂ ನೆರಳೇ ಬೀಳದ ಜಾಗದಲ್ಲಿ! ಮರುವರ್ಷ, “ಮಾವು ವರ್ಷ ಬಿಟ್ಟು ವರ್ಷ ಫಲ ಕೊಡುತ್ತೆ, ಇದು ರಜೆಯ ವರ್ಷ” ಎಂದರು. ಹಿಂದಿನ ವರ್ಷ ಮೈತುಂಬ ಕಾಯಿ ಹೊತ್ತು ದಣಿದ ಮರ ರಜೆ ತೆಗೆದುಕೊಳ್ಳಬಹುದು. ಒಮ್ಮೆಯೂ ಹೂ ಬಿಡದ ಗಿಡಕ್ಕೆ ಯಾವ ದಣಿವು, ಎಂಥ ರಜೆ? ಆಮೇಲೆ ‘ಹೂ ಬರಿಸುವ ಟಾನಿಕ್’ ಮಾರಿದರು. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳ ಪ್ರಕಾರ ಅದರಲ್ಲಿ ಹೆಚ್ಚಾಗಿದ್ದುದು ಸಾರಜನಕ. ಸಾರಜನಕ ಅತಿಯಾದರೆ ಗಿಡ ಹೂವನ್ನು ಬಿಟ್ಟು ಎಲೆಯನ್ನೇ ಬೆಳೆಸುತ್ತದೆ ಎಂಬುದು ಗಿಡ ಮಾರುವವರಿಗೆ ತಿಳಿಯದ ಸಂಗತಿಯೇ?

ಕಡೆಗೆ ತೋಟಗಾರಿಕೆ ಬಲ್ಲ ಪರಿಚಿತರೊಬ್ಬರು ಬಂದು ಎಲೆಯನ್ನೂ ನೋಡದೆ ನೇರವಾಗಿ ಬುಡದ ಬಳಿ ಕುಳಿತರು. ಕಸಿ ಕಟ್ಟಿದ ಗಿಡದಲ್ಲಿ ನೆಲದಿಂದ ಸ್ವಲ್ಪ ಮೇಲೆ ಎರಡು ಕಾಂಡಗಳು ಕೂಡಿದ ಗಂಟು ಇರಬೇಕು, ಅದರ ಮೇಲೂ ಕೆಳಗೂ ತೊಗಟೆಯಲ್ಲಿ ವ್ಯತ್ಯಾಸ ಕಾಣಬೇಕು. ನಮ್ಮ ಗಿಡದ ತೊಗಟೆ ಬುಡದಿಂದ ಮೊದಲ ಕವಲಿನವರೆಗೆ ಒಂದೇ ಸಮ. ಕೊಂಡಾಗ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯ ತೆಳುವಾದ ಗೀರು ಇತ್ತು, ಅಷ್ಟೇ. ಏನನ್ನೂ ಕೂಡಿಸದ ಕಾಂಡಕ್ಕೆ ಸುಮ್ಮನೆ ಪಟ್ಟಿ ಸುತ್ತಿದ್ದರು. ಸುಮ್ಮನೆ! ಬಂದವರಿಗೆಲ್ಲ “ಕಸಿ ಮಾವು” ಎಂದು ತೋರಿಸಿಕೊಂಡಿದ್ದ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಫೋಟೊ ತೋರಿಸಿದರೆ, “ಕಸಿ ಚೆನ್ನಾಗಿ ಕೂಡಿದೆ, ಅದಕ್ಕೇ ಗುರುತಿಲ್ಲ” ಎಂದರು. ಪಟ್ಟು ಹಿಡಿದಾಗ, “ಬೀಜದ ಗಿಡವಾದರೇನು, ಕಾದರೆ ಹೂ ಬಿಡುತ್ತೆ.” ಬಿಡುತ್ತದೆ, ನಿಜ, ಬೀಜದ ಮಾವಿಗೆ 6–8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು, ಹಣ್ಣು ತಾಯಿಮರದಂತೆಯೇ ಇದ್ದೀತೆಂಬ ಖಾತರಿಯೂ ಇಲ್ಲ.

ಪಟ್ಟಿಯನ್ನು ನಂಬಬೇಡಿ, ಕೂಡಿದ ಗಂಟನ್ನು ತೋರಿಸಲು ಹೇಳಿ. ರಸೀದಿಯಲ್ಲಿ ತಳಿಯ ಹೆಸರಿನೊಂದಿಗೆ ‘ಕಸಿ ಗಿಡ’ ಎಂದು ಬರೆಸಿಕೊಳ್ಳಿ. ನನ್ನ ರಸೀದಿಯಲ್ಲಿ ‘ಮಾವಿನ ಗಿಡ’ ಎಂದಷ್ಟೇ ಇತ್ತು; ಕೊನೆಗೆ ಅವರು ಅದನ್ನೇ ನನ್ನ ಮುಂದೆ ಹಿಡಿದು, “ಇದರಲ್ಲಿ ಕಸಿ ಅಂತ ಎಲ್ಲಿದೆ, ತೋರಿಸಿ” ಎಂದರು.