ಕೇಳಿದವರಿಗೆ ಮಾತ್ರ ಬ್ಯಾಲೆಟ್: ನಮ್ಮ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಚುನಾವಣೆಗೆ ಐದಕ್ಕೆ ಎರಡೂವರೆ ಸ್ಟಾರ್

ವಾಷಿಂಗ್ಟನ್ ರಾಜ್ಯದಲ್ಲಿ ಸಿಟಿಜನ್‌ಶಿಪ್ ಪಡೆದು ಮತದಾರರ ಪಟ್ಟಿಗೆ ಸೇರಿದ ಕನ್ನಡದವರು ಈಗ ಬಹಳ ಜನ ಇದ್ದೀರಿ. ನವೆಂಬರಿನಲ್ಲಿ ತಪ್ಪದೆ ವೋಟು ಹಾಕುತ್ತೀರಿ. ಆದರೆ ವರ್ಷದ ಮೊದಲ ಮೂರು ತಿಂಗಳಲ್ಲಿ ಇನ್ನೊಂದು ಚುನಾವಣೆ ನಡೆಯುತ್ತದೆ, ಅದರಲ್ಲೂ ನಿಮಗೆ ವೋಟಿದೆ ಎಂದು ಎಷ್ಟು ಜನರಿಗೆ ಗೊತ್ತು? ಅದು ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಚುನಾವಣೆ. ನಮ್ಮ ಮಣ್ಣು, ತೊರೆ, ಕಾಡು ನೋಡಿಕೊಳ್ಳುವ ಮಂಡಳಿಗೆ ಸೂಪರ್‌ವೈಸರ್‌ಗಳನ್ನು ಆರಿಸುವುದು ಇದರಲ್ಲೇ. ಹೋಟೆಲಿಗೆ, ದಿನಸಿ ಅಂಗಡಿಗೆ ರಿವ್ಯೂ ಬರೆಯುತ್ತೇವಲ್ಲ, ಈ ಸೇವೆಗೂ ಒಂದು ಬರೆಯಬೇಕು ಅನ್ನಿಸಿತು. ಯಾವ ಡಿಸ್ಟ್ರಿಕ್ಟ್ ಎಂದು ಹೆಸರು ಹಾಕುತ್ತಿಲ್ಲ. ನನಗೆ ತೊಂದರೆ ಕೊಟ್ಟಿದ್ದು ಅಲ್ಲಿನ ಜನ ಅಲ್ಲ, ಅವರ ಕೈಗೆ ಕೊಟ್ಟಿರುವ ನಿಯಮ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನಮ್ಮ ಮನೆಯ ಹಿಂದೆ ಒಂದು ಸಣ್ಣ ತೊರೆ ಹರಿಯುತ್ತದೆ. ಮಳೆಗಾಲದಲ್ಲಿ ದಂಡೆ ಕುಸಿಯುತ್ತಿತ್ತು. ನಾನು ಕೊಪ್ಪದ ಕಡೆಯವಳು, ತೋಟದ ಮಣ್ಣು ಕೊಚ್ಚಿಕೊಂಡು ಹೋಗುವುದನ್ನು ನೋಡಿಯೇ ಬೆಳೆದವಳು. ಇಲ್ಲಿ ಯಾರನ್ನು ಕೇಳುವುದು ಎಂದು ಗೊತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರು ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಎಂದರು. ಒಬ್ಬ ಹುಡುಗಿ ಬೂಟು ಹಾಕಿಕೊಂಡು ಬಂದಳು. ದಂಡೆಯ ಉದ್ದಕ್ಕೂ ನಡೆದಳು. ಎಲ್ಲಿ ವಿಲೋ ಕಡ್ಡಿ ಊರಬೇಕು, ಎಲ್ಲಿ ಸ್ನೋಬೆರಿ ಹಾಕಬೇಕು, ಎಲ್ಲಿ ರೆಡ್ ಸೀಡರ್ ನೆಟ್ಟರೆ ಮುಂದೆ ನೀರಿಗೆ ನೆರಳು ಬರುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಟ್ಟಳು. ನೆರಳಿದ್ದರೆ ನೀರು ತಣ್ಣಗಿರುತ್ತದೆ, ತಣ್ಣಗಿದ್ದರೆ ಸಾಲ್ಮನ್ ಮೀನು ಉಳಿಯುತ್ತದೆ ಎಂದು ವಿವರಿಸಿದಳು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಇವರು ದಂಡ ಹಾಕುವವರಲ್ಲ. ಕರೆದರೆ ಬರುತ್ತಾರೆ, ಸಲಹೆ ಕೊಡುತ್ತಾರೆ, ಒಪ್ಪುವುದು ಬಿಡುವುದು ನಮಗೆ ಸೇರಿದ್ದು. ಈ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಇಂಥ ಡಿಸ್ಟ್ರಿಕ್ಟ್‌ಗಳು ರಾಜ್ಯದಲ್ಲಿ 45 ಇವೆ. ಇದರ ಬೇರು 1930ರ ದಶಕದ ಧೂಳಿನ ಬಿರುಗಾಳಿಗಳಲ್ಲಿದೆ. ಹೊಲಗಳ ಮೇಲ್ಮಣ್ಣೇ ಹಾರಿಹೋದಾಗ, ಮಣ್ಣು ಉಳಿಸುವ ಕೆಲಸ ಸ್ಥಳೀಯ ರೈತರ ಕೈಯಲ್ಲೇ ಇರಬೇಕು ಎಂಬ ಮಾತು ಬಂತು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರ್‌ಗಳಿಗೂ ಪತ್ರ ಬರೆದು, ಇದಕ್ಕೊಂದು ಕಾನೂನು ಮಾಡಿ ಎಂದರು. ವಾಷಿಂಗ್ಟನ್ 1939ರಲ್ಲಿ ಮಾಡಿತು. ಇಲ್ಲಿ ಪ್ರತಿ ಮಂಡಳಿಯಲ್ಲಿ ಐದು ಜನ ಸೂಪರ್‌ವೈಸರ್‌ಗಳು. ಮೂವರನ್ನು ನಾವು ಆರಿಸುತ್ತೇವೆ, ಇಬ್ಬರನ್ನು ರಾಜ್ಯದ ಕನ್ಸರ್ವೇಶನ್ ಕಮಿಷನ್ ನೇಮಿಸುತ್ತದೆ. ಆರಿಸಿದ ಮೂವರಲ್ಲಿ ಇಬ್ಬರು ಜಮೀನಿನ ಮಾಲೀಕರೋ ಕೃಷಿ ನಡೆಸುವವರೋ ಆಗಿರಬೇಕು. ಅವಧಿ ಮೂರು ವರ್ಷ. ಸಂಬಳ ಇಲ್ಲ. ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿಯನ್ನು ನೆನಪಿಸಿಕೊಂಡರೆ ಸ್ವಲ್ಪ ಅಂದಾಜು ಸಿಗುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಷೇರು ಬೇಡ. ಡಿಸ್ಟ್ರಿಕ್ಟ್ ಗಡಿಯೊಳಗೆ ಇರುವ ಯಾವ ನೋಂದಾಯಿತ ಮತದಾರರಾದರೂ ವೋಟು ಹಾಕಬಹುದು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರೂ ಹಾಕಬಹುದು.

ಈಗ ಬ್ಯಾಲೆಟ್ ವಿಷಯಕ್ಕೆ ಬರೋಣ. ವಾಷಿಂಗ್ಟನ್ ರಾಜ್ಯದಲ್ಲಿ ವೋಟು ಹಾಕುವುದು ಎಷ್ಟು ಸಲೀಸು ಎಂದು ನಿಮಗೆ ಗೊತ್ತೇ ಇದೆ. ಚುನಾವಣೆಗೆ ಕನಿಷ್ಠ 18 ದಿನ ಮುಂಚೆ ಬ್ಯಾಲೆಟ್ ಕಳಿಸುತ್ತಾರೆ. ಯಾರೂ ಕೇಳಬೇಕಾಗಿಲ್ಲ. ಸ್ಟ್ಯಾಂಪ್ ಬೇಡ. ಲೈಬ್ರರಿ ಹತ್ತಿರದ ಡಬ್ಬಿಗೆ ಹಾಕಿದರೂ ಆಯಿತು, ಕೊನೆಯ ದಿನ ಅಂಚೆ ಮುದ್ರೆ ಬಿದ್ದರೂ ಆಯಿತು. ಆದರೆ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಚುನಾವಣೆ ಈ ಏರ್ಪಾಟಿನ ಹೊರಗಿದೆ. ದಿನಾಂಕ, ಜಾಗ, ವಿಧಾನ ಎಲ್ಲವನ್ನೂ ಆಯಾ ಮಂಡಳಿ ಠರಾವು ಮಾಡಿ ಗೊತ್ತುಮಾಡುತ್ತದೆ. ಖರ್ಚೂ ಅದರ ತಲೆಯ ಮೇಲೆಯೇ. ನಮ್ಮಲ್ಲಿ ಅಂಚೆಯ ಬ್ಯಾಲೆಟ್ ಬೇಕಿದ್ದರೆ ಮೊದಲು ಕೇಳಿ ಪಡೆಯಬೇಕು.

ನಾನು ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಿದೆ. ಹೆಸರು, ವಿಳಾಸ, ಹುಟ್ಟಿದ ದಿನಾಂಕ. ಒತ್ತಿದ ಮೇಲೆ ಪರದೆ ಖಾಲಿ. ತಲುಪಿದೆ ಎಂಬ ಒಂದು ಇಮೇಲ್ ಕೂಡ ಇಲ್ಲ. ಕಾದೆ. ಬರಲಿಲ್ಲ. ಆಫೀಸಿಗೆ ಫೋನ್ ಮಾಡಿದಾಗ ತಕ್ಷಣ ಎತ್ತಿದರು, ಪಟ್ಟಿ ನೋಡಿದರು, ಹೆಸರಿದೆ, ಕಳಿಸುತ್ತೇವೆ ಎಂದರು. ಮಾತು ತುಂಬ ಸೌಜನ್ಯದ್ದು. ಆದರೆ ಕವರ್ ಕೈಗೆ ಬಂದಾಗ, ಅದನ್ನು ಅಂಚೆಗೆ ಹಾಕಿದರೆ ಸಮಯಕ್ಕೆ ಮುಟ್ಟುವ ಭರವಸೆ ಉಳಿದಿರಲಿಲ್ಲ. ಬ್ಯಾಲೆಟ್ ಗೊತ್ತಾದ ಹೊತ್ತಿನೊಳಗೆ ಆಫೀಸಿನಲ್ಲೇ ಇರಬೇಕು, ಅಂಚೆ ಮುದ್ರೆ ಲೆಕ್ಕಕ್ಕಿಲ್ಲ ಎಂದು ಕವರಿನ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಕೆಲಸದಿಂದ ಬೇಗ ಹೊರಟು, ಕಾರು ಓಡಿಸಿಕೊಂಡು ಹೋಗಿ ಕೈಯಾರೆ ಕೊಟ್ಟು ಬಂದೆ. ನನಗೆ ಕಾರಿತ್ತು, ರಜೆ ಕೇಳುವ ಧೈರ್ಯವೂ ಇತ್ತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನನ್ನ ಗೆಳತಿ ಇದನ್ನು ಹೇಗೆ ಮಾಡಬೇಕು? ಫಾರ್ಮ್ ತುಂಬಲು ಬಾರದ ಪಕ್ಕದ ಮನೆಯ ಹಿರಿಯರು ಏನು ಮಾಡಬೇಕು?

ಬ್ಯಾಲೆಟ್ ಹಾಳೆ ಮಾತ್ರ ಚೆನ್ನಾಗಿದೆ. ಸ್ಥಾನ ಒಂದೇ, ಅಕ್ಷರ ದೊಡ್ಡದು, ಪಕ್ಷದ ಹೆಸರಿಲ್ಲ. ಅಭ್ಯರ್ಥಿಗಳ ಪರಿಚಯ ಇನ್ನೂ ಬೇಕಿತ್ತು. ಒಬ್ಬರು ಹಸು ಸಾಕುತ್ತಾರೆ, ಇನ್ನೊಬ್ಬರು ಕಾಡಿನ ಕೆಲಸದವರು ಎಂದಷ್ಟೇ ತಿಳಿಯಿತು.

ಇದನ್ನೆಲ್ಲ ಇಷ್ಟು ಹಚ್ಚಿಕೊಂಡು ಬರೆಯಲು ಕಾರಣ ಇದೆ. ನಮ್ಮ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಎಂದು ಒಂದು ಸಾಲು ಇದೆ. ಆ ಶುಲ್ಕವನ್ನು ಕೌಂಟಿ ಮುಂದೆ ಇಡುವವರು ಈ ಸೂಪರ್‌ವೈಸರ್‌ಗಳೇ. ಅವರನ್ನು ಆರಿಸಲು ಬರುವವರೋ ಬೆರಳೆಣಿಕೆ. ಫೆಬ್ರವರಿ, ಮಾರ್ಚಿನಲ್ಲಿ ಡಿಸ್ಟ್ರಿಕ್ಟ್‌ನವರ ಗಿಡ ಮಾರಾಟಕ್ಕೆ ಹೋಗಿ ನೋಡಿ. ಡಗ್ಲಸ್ ಫರ್, ಆರಿಗನ್ ಗ್ರೇಪ್ ಸಸಿಗಳಿಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಅದೇ ಸಾಲಿನಲ್ಲಿ ನಿಂತು ಚುನಾವಣೆ ಬಗ್ಗೆ ಕೇಳಿದೆ. ಸುತ್ತ ಇದ್ದ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ವಿಷಯ ಗಮನಿಸಿ. ಕೊನೆಯ ದಿನದೊಳಗೆ ಈಗಿನ ಸೂಪರ್‌ವೈಸರ್ ಒಬ್ಬರೇ ಅರ್ಜಿ ಹಾಕಿದ್ದರೆ, ನಿಯಮದ ಪ್ರಕಾರ ಅವರೇ ಮರು ಆಯ್ಕೆ. ವೋಟೇ ನಡೆಯುವುದಿಲ್ಲ. ಮತದಾರರು ದೂರ ಉಳಿದಷ್ಟೂ ಸ್ಪರ್ಧಿಸುವವರೂ ಕಡಿಮೆಯಾಗುತ್ತಾರೆ ಎಂಬುದು ನನ್ನ ಅನಿಸಿಕೆ.

ಹಾಗಾದರೆ ಆನ್‌ಲೈನ್ ಮಾಡಿಬಿಡಿ ಎಂದು ನಮ್ಮ ಐಟಿ ಗೆಳೆಯರು ಹೇಳುತ್ತಾರೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. 2020ರಲ್ಲಿ ಕಿಂಗ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಚುನಾವಣೆಯಲ್ಲಿ ಸುಮಾರು 12 ಲಕ್ಷ ಮತದಾರರಿಗೆ ಮೊಬೈಲಿನಲ್ಲೇ ವೋಟು ಹಾಕುವ ಅವಕಾಶ ಇತ್ತು. ಹೆಸರು, ಹುಟ್ಟಿದ ದಿನಾಂಕ ಹಾಕಿ ಒಳಗೆ ಹೋಗುವುದು, ಪರದೆಯ ಮೇಲೆ ಸಹಿ ಮಾಡುವುದು. ಅಷ್ಟಾದರೂ ವೋಟು ಹಾಕಿದವರ ಸಂಖ್ಯೆ ನೂರಕ್ಕೆ ಒಬ್ಬರು ಎಂಬ ಮಟ್ಟ ಮುಟ್ಟಲಿಲ್ಲ. ಅದೇ ವರ್ಷ ಅಮೆರಿಕದ ಕೇಂದ್ರ ಸರ್ಕಾರದ ಭದ್ರತಾ ಸಂಸ್ಥೆಗಳು ಇಂಟರ್‌ನೆಟ್ ಮೂಲಕ ಬ್ಯಾಲೆಟ್ ವಾಪಸು ಕಳಿಸುವುದು ಹೆಚ್ಚಿನ ಅಪಾಯದ್ದು ಎಂದು ಎಚ್ಚರಿಸಿದವು. ನನಗೂ ಕಾಗದವೇ ಸರಿ ಅನ್ನಿಸುತ್ತದೆ. ಬ್ಯಾಲೆಟ್ ಬೇಕು ಎಂಬ ಕೋರಿಕೆ ಆನ್‌ಲೈನ್ ಇರಲಿ, ವೋಟು ಕಾಗದದ ಮೇಲಿರಲಿ.

ಎಲ್ಲ ಮತದಾರರಿಗೂ ಕಳಿಸಿದರೆ ಅಂಚೆ ಖರ್ಚು ಮಂಡಳಿಯನ್ನು ಹಿಂಡಿಬಿಡುತ್ತದೆ, ಆ ದುಡ್ಡಿನಲ್ಲಿ ಗಿಡ ನೆಡಬಹುದು ಎಂದು ಆಫೀಸಿನವರು ಹೇಳಿದರು. ಸಣ್ಣ ಡಿಸ್ಟ್ರಿಕ್ಟ್‌ಗಳ ಮಟ್ಟಿಗೆ ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒಮ್ಮೆ ಕೇಳಿದವರಿಗೆ ಪ್ರತಿ ಸಲ ತಾನಾಗಿಯೇ ಕಳಿಸಲು ಏನು ಕಷ್ಟ? ವಿಳಾಸ ಬದಲಾದರೆ ಪಟ್ಟಿಯಿಂದ ತೆಗೆಯಲಿ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಕೋರಿಕೆ ತಲುಪಿದ ಕೂಡಲೇ ಒಂದು ರಸೀದಿ ಬರಬೇಕು. ಕೇಳಲು ಕೊನೆಯ ದಿನ ಮತ್ತು ಬ್ಯಾಲೆಟ್ ಮುಟ್ಟಿಸಲು ಕೊನೆಯ ದಿನದ ನಡುವೆ ಅಂಚೆ ಹೋಗಿ ಬರುವಷ್ಟಾದರೂ ಸಮಯ ಇರಬೇಕು, ಅಂಚೆ ಮುದ್ರೆಗೆ ಬೆಲೆ ಸಿಗಬೇಕು. ಫೋನಿನಲ್ಲಿ ಕೇಳುವ ದಾರಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು, ಏಕೆಂದರೆ ಪಕ್ಕದ ಮನೆಯ ಹಿರಿಯರು ಕೊನೆಗೆ ವೋಟು ಹಾಕಿದ್ದೇ ಆ ದಾರಿಯಲ್ಲಿ.

ಈ ನಿಯಮಗಳನ್ನು ಬರೆಯುವುದು ರಾಜ್ಯದ ಕನ್ಸರ್ವೇಶನ್ ಕಮಿಷನ್. ರಾಜ್ಯದ ಆಡಳಿತ ನಿಯಮಗಳಲ್ಲಿ 135-110ನೇ ಅಧ್ಯಾಯ ಪೂರ್ತಿ ಈ ಚುನಾವಣೆಯದ್ದೇ. ತಿದ್ದುಪಡಿ ಸುಮ್ನೆ ಒಂದು ಸಹಿಯಿಂದ ಆಗುವುದಿಲ್ಲ. ಮೊದಲು ತಿದ್ದುವ ಉದ್ದೇಶ ಪ್ರಕಟಿಸಬೇಕು, ಆಮೇಲೆ ಕರಡು, ಆಮೇಲೆ ಸಾರ್ವಜನಿಕ ಸಭೆ. ಜನರು ಬರೆದು ಕಳಿಸಿದ ಅಭಿಪ್ರಾಯವನ್ನೂ ಪರಿಗಣಿಸಬೇಕು. ಅಲ್ಲಿಯವರೆಗೂ ಕಾಯಬೇಕಿಲ್ಲ. ನಿಯಮ ಬದಲಿಸಿ ಎಂದು ಯಾರು ಬೇಕಾದರೂ ಅರ್ಜಿ ಕೊಡಬಹುದು. ಅರ್ಜಿ ಬಂದ 60 ದಿನದೊಳಗೆ ಕಮಿಷನ್ ಒಂದೋ ಆ ಕೆಲಸ ಶುರುಮಾಡಬೇಕು, ಇಲ್ಲವೇ ಯಾಕೆ ಆಗುವುದಿಲ್ಲ ಎಂದು ಕಾರಣ ಬರೆದು ತಿಳಿಸಬೇಕು. ನಾನು ಅರ್ಜಿ ಬರೆದಿದ್ದೇನೆ. ಕವರ್ ಬಂದ ದಿನ, ಕೊಟ್ಟ ದಿನ ಎರಡನ್ನೂ ಅದರಲ್ಲಿ ಹಾಕಿದ್ದೇನೆ. ನಿಮಗೂ ಇಂಥ ಅನುಭವ ಆಗಿದ್ದರೆ ನಿಮ್ಮ ಮಾತಿನಲ್ಲೇ ಬರೆದು ಕಳಿಸಿ. ಒಂದೇ ಪತ್ರದ ನೂರು ನಕಲಿಗಿಂತ ಬೇರೆ ಬೇರೆ ಮನೆಗಳಿಂದ ಬಂದ ಹತ್ತು ಪತ್ರಕ್ಕೆ ತೂಕ ಜಾಸ್ತಿ ಎಂದು ನಂಬಿದ್ದೇನೆ.

ಮುಂದಿನ ಚುನಾವಣೆಗೆ ವೋಟು ಹಾಕುವವರು ಡಿಸೆಂಬರಿನಲ್ಲೇ ನಿಮ್ಮ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ, ಬ್ಯಾಲೆಟ್ ಹೇಗೆ ಸಿಗುತ್ತದೆ ಎಂದು ಕೇಳಿಕೊಳ್ಳಿ. ಒಂದು ಕಡೆ ಅಂಚೆ, ಇನ್ನೊಂದು ಕಡೆ ಮತಗಟ್ಟೆ, ಹೀಗೆ ಪದ್ಧತಿ ಬೇರೆ ಬೇರೆ ಇರುತ್ತದೆ. ಫಾರ್ಮಿನಲ್ಲಿ ಹೆಸರು ಮತದಾರರ ನೋಂದಣಿಯಲ್ಲಿ ಇರುವ ಹಾಗೇ ಬರೆಯಿರಿ. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು ಹಿಂದೆ ಮುಂದೆ ಆಗಿರುತ್ತದಲ್ಲ, ಕೌಂಟಿಯ ಪಟ್ಟಿ ಜೊತೆ ತಾಳೆ ನೋಡುವಾಗ ಅದರಿಂದ ತಡವಾಗಬಹುದು. ಫೋನ್ ಎತ್ತಿದವರ ಹೆಸರು, ಕೇಳಿದ ದಿನಾಂಕ ಎರಡನ್ನೂ ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ.