ಸುಸ್ತಿನ ಕ್ಲಿನಿಕ್ಕಿಗೆ ನನ್ನ ಅಂಕ: ಆಗ ಐದಕ್ಕೆ ಒಂದು, ಈಗ ಮೂರು

ಉತ್ತರ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಮೂಳೆ ವಿಭಾಗದ ಪಕ್ಕಕ್ಕೆ ಈ ಕ್ಲಿನಿಕ್ ಇದೆ. ಹೆಸರು ಬರೆಯುವುದಿಲ್ಲ, ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. 2016ರಲ್ಲಿ ಒಮ್ಮೆ ಹೋದೆ, 2022ರಲ್ಲಿ ಮತ್ತೊಮ್ಮೆ. ಕಟ್ಟಡ ಅದೇ, ನೀಲಿ ಕುರ್ಚಿಗಳು ಅವೇ, ಚಿಕಿತ್ಸೆ ಮಾತ್ರ ಪೂರ್ತಿ ತಿರುವುಮುರುವು. ಹಾಗಾಗಿ ಎರಡು ಸಲ ಅಂಕ ಹಾಕಬೇಕಾಗಿದೆ.

ನಾನು ತಿಪಟೂರಿನವಳು. ಇಲ್ಲಿ ಇಂಗ್ಲೆಂಡಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. 2014ರ ನವೆಂಬರಿನಲ್ಲಿ ಜ್ವರ ಬಂತು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಈ ‘ಸುಸ್ತು’ ಎಂಬ ಮಾತೇ ನನಗೆ ದೊಡ್ಡ ತೊಡಕು. ನಮ್ಮಲ್ಲಿ ಸುಸ್ತು ಎಂದರೆ ಮದುವೆ ಮನೆಯಲ್ಲಿ ಓಡಾಡಿದ ಮಾರನೆಯ ದಿನದ ಪಾಡು, ಮಲಗಿ ಎದ್ದರೆ ಇಳಿಯುವಂಥದ್ದು. ಇದು ಹಾಗಲ್ಲ. ಇವತ್ತು ತಲೆಸ್ನಾನ ಮಾಡಿದರೆ ಇವತ್ತು ಏನೂ ಆಗುವುದಿಲ್ಲ. ನಾಳೆ, ಕೆಲವೊಮ್ಮೆ ನಾಡಿದ್ದು, ಗಂಟಲು ಕೆರೆತ, ಕತ್ತಿನಲ್ಲಿ ಗಂಟು, ಕಿಟಕಿಯ ಬೆಳಕು ಕಂಡರಾಗದು, ಬಾಚಣಿಗೆ ಹಿಡಿಯಲು ತೋಳು ಏಳದು. ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಬರೆದರು. ಕಾಯಿಲೆಯವರು ಅದನ್ನು ಎಂ.ಇ. ಎನ್ನುತ್ತಾರೆ. ಅಮ್ಮ ಫೋನಿನಲ್ಲಿ, “ರಕ್ತ ಕಡಿಮೆಯಾಗಿರಬೇಕು. ಖರ್ಜೂರ ತಿನ್ನು, ದಿನಾ ಸ್ವಲ್ಪ ಓಡಾಡು” ಎಂದಳು. ಖರ್ಜೂರವೊಂದನ್ನು ಬಿಟ್ಟರೆ ಕ್ಲಿನಿಕ್ಕಿನವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಮೊದಲ ಸಲದ ಚಿಕಿತ್ಸೆ: ಹಂತಹಂತವಾಗಿ ಏರಿಸುವ ವ್ಯಾಯಾಮ. ಫಿಸಿಯೋಥೆರಪಿಸ್ಟ್ ಒಬ್ಬ ಹುಡುಗ, ತುಂಬ ವಿನಯದವನು. ದೇಹ ಕೆಲಸವಿಲ್ಲದೆ ಜಡ್ಡುಗಟ್ಟಿದೆ, ದಣಿದರೆ ಕಾಯಿಲೆ ಹೆಚ್ಚುತ್ತದೆಂಬ ಅಂಜಿಕೆ ನಿಮ್ಮನ್ನು ಕಟ್ಟಿಹಾಕಿದೆ ಎಂದು ವಿವರಿಸಿ, ಒಂದು ಪಟ್ಟಿ ಕೊಟ್ಟ. ಮೊದಲ ವಾರ ಐದು ನಿಮಿಷ ನಡಿಗೆ, ಆಮೇಲೆ ವಾರಕ್ಕೊಂದು ನಿಮಿಷ ಸೇರಿಸುತ್ತ ಹೋಗಬೇಕು. ಹೋಮ್‌ವರ್ಕ್ ತಪ್ಪಿಸುವ ಜಾತಿ ನಾನಲ್ಲ. ಐದನೆಯ ವಾರ, ಒಂಬತ್ತು ನಿಮಿಷದ ದಿನ, ಬೀದಿ ಕೊನೆಯ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬರುವಾಗ ಪಕ್ಕದ ಮನೆಯ ಮೋಟುಗೋಡೆಯ ಮೇಲೆ ಕೂತೆ. ಏಳಲಾಗಲಿಲ್ಲ. ನಮ್ಮ ಮನೆಯಲ್ಲಿ ಹದಿಮೂರು ಮೆಟ್ಟಿಲು. ಅಂದಿನಿಂದ ನಾಲ್ಕು ತಿಂಗಳು ಅವನ್ನು ಕೂತುಕೂತೇ, ಬೆನ್ನು ಮೇಲಕ್ಕೆ ಮಾಡಿ, ಒಂದೊಂದಾಗಿ ಹತ್ತಿದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: “ಹಿನ್ನಡೆ ಸಹಜ, ಬಿಡದೆ ಮುಂದುವರಿಸಿ. ಇದರ ಹಿಂದೆ ದೊಡ್ಡ ಅಧ್ಯಯನವೇ ಇದೆ.”

ಹೌದು, ಇತ್ತು. ಫೋನಿನ ಬೆಳಕನ್ನು ತೀರ ಇಳಿಸಿಕೊಂಡು ದಿನಕ್ಕೆ ಹತ್ತು ನಿಮಿಷದಂತೆ ಅದನ್ನು ಓದಿದೆ. ಹೆಸರು ಪೇಸ್. 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಸಾರ್ವಜನಿಕ ಹಣ. ನಾಲ್ಕು ಗುಂಪು. ವ್ಯಾಯಾಮ ಇಲ್ಲವೇ ಮಾತಿನ ಚಿಕಿತ್ಸೆ (ಯೋಚನೆ, ನಡವಳಿಕೆ ಬದಲಿಸಲು ನೋಡುವ ಸಿಬಿಟಿ) ಪಡೆದವರು ಉಳಿದವರಿಗಿಂತ ಮೇಲಾದರು ಎಂಬುದು ತೀರ್ಮಾನ.

ದೈಹಿಕ ಸಾಮರ್ಥ್ಯ ಅಳೆಯಲು ಅವರು ಬಳಸಿದ ಪ್ರಶ್ನಪತ್ರಿಕೆಯನ್ನೇ ನನ್ನ ಕೈಗೂ ಕೊಟ್ಟಿದ್ದರು. ಹತ್ತು ಪ್ರಶ್ನೆ, ನೂರು ಅಂಕ: ಮೆಟ್ಟಿಲು ಹತ್ತುವುದು, ದಿನಸಿ ಹೊರುವುದು, ಬಗ್ಗುವುದು. ‘ತುಂಬ ಕಷ್ಟ’ಕ್ಕೆ ಸೊನ್ನೆ, ‘ಸ್ವಲ್ಪ ಕಷ್ಟ’ಕ್ಕೆ ಐದು, ‘ಕಷ್ಟವಿಲ್ಲ’ಕ್ಕೆ ಹತ್ತು. ಸ್ನಾನವನ್ನೂ ಬಟ್ಟೆ ಹಾಕಿಕೊಳ್ಳುವುದನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದ್ದರು. ‘ಎರಡರಲ್ಲಿ ಯಾವುದು?’ ಎಂದು ಪಕ್ಕದಲ್ಲಿ ಬರೆದುಕೊಟ್ಟೆ, ಉತ್ತರ ಬರಲಿಲ್ಲ. ಶುರುವಿನಲ್ಲಿ ನನಗೆ ಬಂದದ್ದು 45, ಅಂಚೆ ಡಬ್ಬಿಯ ನಂತರ 25.

ಪೇಸ್ ಅಧ್ಯಯನಕ್ಕೆ ಸೇರಲು ಇದರಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು. ‘ಗುಣವಾದರು’ ಎನ್ನಲು ಇಟ್ಟ ಷರತ್ತುಗಳಲ್ಲಿ ಒಂದು, ಮೂಲ ಯೋಜನೆಯ ಪ್ರಕಾರ, 85 ಅಂಕ. ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ಅದು 60 ಆಗಿತ್ತು. ಇನ್ನೊಮ್ಮೆ ಓದಿ. ಒಳಗೆ ಬರುವಾಗ 65 ಇದ್ದವರು ಹೊರಗೆ ಹೋಗುವಾಗ 60ಕ್ಕೆ ಇಳಿದರೂ ಈ ಷರತ್ತಿನ ಮಟ್ಟಿಗೆ ಪಾಸು! ಅಂಕಿಅಂಶ ನೋಡುವ ಮೊದಲೇ ಬದಲಿಸಿದ್ದೆವು ಎಂಬುದು ಸಂಶೋಧಕರ ಸಮರ್ಥನೆ. ಇರಬಹುದು. ಆದರೂ ಫೇಲಾದವನಿಗಿಂತ ಪಾಸಾದವನ ಅಂಕ ಕಡಿಮೆ ಇರುವ ಪಟ್ಟಿಯನ್ನು ನಾನು ಸ್ಟಾಫ್ ರೂಮಿಗೆ ಒಯ್ದಿದ್ದರೆ ಮುಖ್ಯೋಪಾಧ್ಯಾಯರು ಚಹಾ ಕುಡಿಸಿ ಮನೆಗೆ ಕಳಿಸುತ್ತಿದ್ದರು.

ನಡಿಗೆಯ ಲೆಕ್ಕವೂ ಇದೆ. ವರ್ಷ ಕಳೆದ ಮೇಲೆ ವ್ಯಾಯಾಮದ ಗುಂಪಿನವರು ಆರು ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರ್, ಬರೀ ವೈದ್ಯರ ಆರೈಕೆಯಲ್ಲಿದ್ದವರು 348. ಅಂತರ 31 ಮೀಟರ್. ನನ್ನ ಬಾಗಿಲಿಂದ ಎರಡನೆಯ ದೀಪದ ಕಂಬದವರೆಗೆ.

ಇದನ್ನೆಲ್ಲ ಹೊರಗೆಳೆದವರು ಬಹುಪಾಲು ಹಾಸಿಗೆ ಹಿಡಿದವರೇ. ಐರ್ಲೆಂಡಿನ ಟಾಮ್ ಕಿಂಡ್ಲನ್ ವರ್ಷಗಟ್ಟಲೆ ಪತ್ರಿಕೆಗಳಿಗೆ ಆಕ್ಷೇಪ ಬರೆದರು. ಆಸ್ಟ್ರೇಲಿಯಾದ ರೋಗಿ ಅಲೆಮ್ ಮ್ಯಾಥೀಸ್ 2014ರಲ್ಲಿ, ನಮ್ಮ ಆರ್‌ಟಿಐ ಇದ್ದಂತೆ ಬ್ರಿಟನ್ನಿನಲ್ಲಿರುವ ಮಾಹಿತಿ ಹಕ್ಕಿನಡಿ, ಪೇಸ್‌ನ ಹೊಣೆ ಹೊತ್ತಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ರೋಗಿಗಳ ಹೆಸರು ತೆಗೆದ ಮೂಲ ಅಂಕಿಅಂಶ ಕೇಳಿದರು. ವಿಶ್ವವಿದ್ಯಾಲಯ ಒಲ್ಲೆ ಎಂದಿತು. ಕೊಡಿ ಎಂದು ಮಾಹಿತಿ ಆಯುಕ್ತರು ಹೇಳಿದರೆ ನ್ಯಾಯಮಂಡಳಿಗೆ ಹೋಯಿತು, ವಕೀಲರಿಗೆ ಎರಡು ಲಕ್ಷ ಪೌಂಡಿಗೂ ಮೀರಿ ಸುರಿಯಿತು, 2016ರ ಆಗಸ್ಟಿನಲ್ಲಿ ಸೋತಿತು. ಅಷ್ಟರಲ್ಲಿ ಅಮೆರಿಕದ ಪತ್ರಕರ್ತ ಡೇವಿಡ್ ಟಲ್ಲರ್ ಕೂಡ ಇದರ ಬೆನ್ನು ಹತ್ತಿದ್ದರು. ಮೂಲ ಯೋಜನೆಯ ಅಳತೆಗೋಲಿನಲ್ಲೇ ಮತ್ತೆ ಲೆಕ್ಕ ಹಾಕಿದಾಗ, ಎರಡೂ ಚಿಕಿತ್ಸೆಗಳಲ್ಲಿ ಶೇ. 22 ಎಂದಿದ್ದ ಗುಣಮುಖರ ಪ್ರಮಾಣ ಮಾತಿನ ಚಿಕಿತ್ಸೆಯಲ್ಲಿ ಶೇ. 7ಕ್ಕೆ, ವ್ಯಾಯಾಮದಲ್ಲಿ ಶೇ. 4ಕ್ಕೆ ಬಂತು. ಬರೀ ಆರೈಕೆಯವರಲ್ಲಿ ಶೇ. 3. ಹಳೆಯ ಅಳತೆಗೋಲೇ ಅತಿ ಬಿಗಿಯಾಗಿತ್ತು, ನಮ್ಮ ಅಧ್ಯಯನದಲ್ಲಿ ವ್ಯಾಯಾಮದಿಂದ ಹೆಚ್ಚಿನ ಹಾನಿಯೇನೂ ಕಾಣಲಿಲ್ಲ ಎಂದು ಸಂಶೋಧಕರು ಈಗಲೂ ವಾದಿಸುತ್ತಾರೆ. ನನ್ನ ಮೆಟ್ಟಿಲುಗಳು ಯಾರ ಅಂಕಿಅಂಶದಲ್ಲೂ ಇಲ್ಲವಲ್ಲ. ಹನ್ನೆರಡು ಭೇಟಿಗಳಲ್ಲಿ ಏಳಕ್ಕೇ ನಾನು ನಿಲ್ಲಿಸಿದೆ, ನನ್ನ ಕಡತದಲ್ಲಿ ‘ಸಹಕರಿಸಲಿಲ್ಲ’ ಎಂದು ಬರೆದುಕೊಂಡರು. ಐದಕ್ಕೆ ಒಂದು. ಆ ಒಂದು ಕೂಡ ಹುಡುಗನ ವಿನಯಕ್ಕೆ.

ಇನ್ನು ಎರಡನೆಯ ಸಲ. 2021ರ ಅಕ್ಟೋಬರ್ 29ರಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ ತನ್ನ 2007ರ ಸಲಹೆಯನ್ನು ತಿರುಗಿಸಿತು. ಆಗಸ್ಟಿನಲ್ಲೇ ಬರಬೇಕಿದ್ದದ್ದು, ಹಿಂದಿನ ದಿನ ತಡೆಹಿಡಿದರು. ರೋಗಿಗಳು ಉಗುರು ಕಚ್ಚುತ್ತ ಎರಡು ತಿಂಗಳು ಕಾದರು. ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಎಂ.ಇ.ಗೆ ಕೊಡಬಾರದು, ಮಾತಿನ ಚಿಕಿತ್ಸೆ ಧೈರ್ಯಕ್ಕೆ ಆಸರೆಯೇ ಹೊರತು ಗುಣಪಡಿಸುವ ಮದ್ದಲ್ಲ ಎಂದು ಅದರಲ್ಲಿದೆ. ಅದೇ ಧೈರ್ಯದ ಮೇಲೆ ನಾನು ಮತ್ತೆ ಚೀಟಿ ಬರೆಸಿಕೊಂಡೆ. ಎಂಟು ತಿಂಗಳು ಕಾಯಿಸಿದರು.

ಈ ಸಲ ಸಿಕ್ಕವರು ಹಿರಿಯ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ದೇಹಕ್ಕೆ ತಕ್ಕಂತೆ ಮಾಡಿಕೊಳ್ಳಲು ಕಲಿಸುವವರು. ಒಳಗೆ ಹೋದೊಡನೆ ಟ್ಯೂಬ್‌ಲೈಟ್ ಆರಿಸಿದರು, ಅಷ್ಟಕ್ಕೇ ನನಗೆ ಅಳು ಬಂತು. “ದಣಿವಾದ ಮೇಲೆ ನಿಲ್ಲಿಸಬೇಡಿ, ದಣಿವಾಗುವ ಮೊದಲೇ ನಿಲ್ಲಿಸಿ” ಎಂದರು. ಸ್ನಾನಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲ್ ಬರೆದುಕೊಟ್ಟರು. ನಾಡಿ ಬಡಿತ ತೋರಿಸುವ ಕೈಪಟ್ಟಿ ಕಟ್ಟಿಕೊಳ್ಳಲು ಹೇಳಿದರು. ನಿಂತು ಸೊಪ್ಪು ಹೆಚ್ಚುವಾಗ ನನ್ನ ಬಡಿತ 118, ಕೂತು ಹೆಚ್ಚಿದರೆ 92! ಎಂಟು ವರ್ಷ ನಿಂತೇ ಹೆಚ್ಚಿದ್ದೆ. ಈಗ ಈಳಿಗೆಮಣೆಯ ಕಾಲ ವಾಪಸು ಬಂದಿದೆ ಎಂದು ಅಮ್ಮನಿಗೆ ಹೇಳಿದೆ. ಅವಳಿಗೆ ಪರಮ ಸಂತೋಷ, ತಾನು ಮೊದಲೇ ಹೇಳಿದ್ದೆ ಎಂಬ ಧಾಟಿ.

ಐದಕ್ಕೆ ಮೂರು. ಎರಡು ಅಂಕ ಕಡಿದದ್ದಕ್ಕೆ ಕಾರಣಗಳಿವೆ. ಮದ್ದು ಇನ್ನೂ ಇಲ್ಲ, ಅದು ಈ ಕ್ಲಿನಿಕ್ಕಿನ ತಪ್ಪಲ್ಲ. ಐದು ಭೇಟಿಗೇ ಕೈತೊಳೆದುಕೊಂಡದ್ದು ಮಾತ್ರ ಅವರ ತಪ್ಪು. ಸ್ವಾಗತಕಾರರ ಮೇಜಿನ ಪಕ್ಕದ ಕಪಾಟಿನಲ್ಲಿ, ಬೆಟ್ಟ ಹತ್ತಿ ನಗುತ್ತಿರುವ ದಂಪತಿಯ ಚಿತ್ರವಿದ್ದ 2016ರ ವ್ಯಾಯಾಮದ ಕರಪತ್ರ ಹಾಗೆಯೇ ಇತ್ತು. ಕೇಳಿದರೆ, “ಹೊಸದು ಇನ್ನೂ ಅಚ್ಚಾಗಿಲ್ಲ” ಎಂದರು. ನನ್ನ ಕಡತದ ‘ಸಹಕರಿಸಲಿಲ್ಲ’ವನ್ನು ಹೊಡೆದುಹಾಕಿ ಎಂದೆ. ಹಳೆಯ ದಾಖಲೆ ತಿದ್ದುವ ಹಾಗಿಲ್ಲವಂತೆ, ಪಕ್ಕದಲ್ಲಿ ನನ್ನ ಮಾತು ಸೇರಿಸಬಹುದಂತೆ. ಸೇರಿಸಿದ್ದೇನೆ, ಎರಡು ಪುಟ.

ಹೋಗುವವರಿಗೆ: ಮೊದಲ ಭೇಟಿಯನ್ನು ಫೋನಿನಲ್ಲೇ ಕೇಳಿ, ಕೊಡುತ್ತಾರೆ. ಕಾರು ನಿಲ್ಲಿಸುವ ಜಾಗದಿಂದ ಬಾಗಿಲಿಗೆ 340 ಹೆಜ್ಜೆ, ನಡುವೆ ಒಂದು ಬೆಂಚೂ ಇಲ್ಲ. ಟ್ಯಾಕ್ಸಿಯವರಿಗೆ ಮೂಳೆ ವಿಭಾಗದ ಹೆಸರು ಹೇಳಿ, ಮೆಟ್ಟಿಲವರೆಗೂ ಬಿಡುತ್ತಾರೆ.