ಪ್ಲೈವುಡ್ ಕಪಾಟಿಗೆ ಸಾಗುವಾನಿ ಹಲಗೆ: ಕೂರಿಸುವ ಮೂರು ವಿಧಾನಗಳ ಹೋಲಿಕೆ

ಉಡುಪಿಯ ನಮ್ಮ ಮನೆಗೆ ನಾನು ಕೆಲವು ವರ್ಷಗಳ ಅವಧಿಯಲ್ಲಿ ಒಂದೇ ಅಳತೆಯ ಮೂರು ಗಿಡ್ಡ ಕಪಾಟುಗಳನ್ನು ಮಾಡಿದೆ. ಮೂರರ ಪೆಟ್ಟಿಗೆಯೂ 19 ಮಿ.ಮೀ. ಪ್ಲೈವುಡ್‌ನದು, ಮೂರರ ಮೇಲ್ಹಲಗೆಯೂ 4 ಅಡಿ ಉದ್ದ, 450 ಮಿ.ಮೀ. ಅಗಲದ ಸಾಗುವಾನಿಯದು. ಹಲಗೆಯನ್ನು ಪೆಟ್ಟಿಗೆಗೆ ಕೂರಿಸಿದ ರೀತಿ ಮಾತ್ರ ಬೇರೆ ಬೇರೆ, ಹಾಗಾಗಿ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಅವಕಾಶವಾಯಿತು.

ಪ್ಲೈವುಡ್‌ನ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನ ಪದರದ್ದು ಅಡ್ಡಕ್ಕಿರುತ್ತದೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಅದನ್ನು ಹಿಡಿದು ನಿಲ್ಲಿಸುವುದರಿಂದ ಹಾಳೆಯ ಅಳತೆ ಹೆಚ್ಚು ಬದಲಾಗುವುದಿಲ್ಲ. ಮರದ ಹಲಗೆಗೆ ಆ ತಡೆಯಿಲ್ಲ. ಅದು ಉದ್ದಕ್ಕೆ ಬಹುತೇಕ ಅಲುಗದಿದ್ದರೂ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ತುದಿಯಲ್ಲಿ ನೋಡಿದಾಗ ಉಂಗುರಗಳು ಮಲಗಿದಂತೆ ಕಾಣುವ ಸಾಗುವಾನಿ ಹಲಗೆಯಲ್ಲಿ, ಮರದ ತೇವಾಂಶ ಶೇ 1ರಷ್ಟು ಬದಲಾದರೆ ಅಗಲ ಸುಮಾರು ಶೇ 0.19ರಷ್ಟು ಬದಲಾಗುತ್ತದೆ, ಉಂಗುರಗಳು ನೆಟ್ಟಗೆ ನಿಂತ ಹಲಗೆಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಕರಾವಳಿಯ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಮರದ ತೇವಾಂಶ ಶೇ 4ರಷ್ಟು ಏರಿಳಿಯುತ್ತದೆ ಎಂದು ಹಿಡಿದರೂ ಉಂಗುರಗಳು ಮಲಗಿದ 450 ಮಿ.ಮೀ. ಹಲಗೆ 3 ಮಿ.ಮೀ.ಗಿಂತ ಹೆಚ್ಚು ಓಡಾಡುತ್ತದೆ.

ಮೊದಲ ಕಪಾಟಿಗೆ ನಾನು ಅಂಟು ಬಳಿದು, ಕೆಳಗಿನಿಂದ ಎಂಟು ಸ್ಕ್ರೂ ಬಿಗಿದಿದ್ದೆ. ಕೆಲಸ ಮುಗಿದದ್ದು ಜುಲೈಯಲ್ಲಿ, ಅಂದರೆ ಹಲಗೆ ಪೂರ್ತಿ ಉಬ್ಬಿದ್ದ ಕಾಲದಲ್ಲಿ. ಫೆಬ್ರವರಿಯ ಒಣಹವೆಗೆ ಅದು ಕುಗ್ಗಬೇಕಾಯಿತು, ಪ್ಲೈವುಡ್ ಬಿಡಲಿಲ್ಲ. ಬಲತುದಿಯಿಂದ ಎರಡು ಗೇಣು ಉದ್ದಕ್ಕೆ, ನಾಣ್ಯದ ಅಂಚು ತೂರುವಷ್ಟು ಬಿರುಕು ಬಿಟ್ಟಿತು. ಮರದ ಪುಡಿಗೆ ಅಂಟು ಕಲಸಿ ತುಂಬಿದೆ. ಮುಂದಿನ ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಳ್ಳುವಾಗ ಆ ತುಂಬುವಿಕೆ ಏಣಿನಂತೆ ಮೇಲೆದ್ದು, ಬಟ್ಟೆಯಿಂದ ಒರೆಸುವಾಗ ಕೈಗೆ ತಾಗುತ್ತಿತ್ತು. ಅಗಲ ಹಲಗೆಗೆ ಈ ವಿಧಾನವನ್ನು ನಾನು ಯಾರಿಗೂ ಹೇಳಲಾರೆ.

ಎರಡನೆಯದರಲ್ಲಿ ಪಕ್ಕದ ಪ್ಲೈವುಡ್‌ಗಳ ಒಳಮೈಗೆ, ಮೇಲಂಚಿನಿಂದ 10 ಮಿ.ಮೀ. ಕೆಳಗೆ ಗ್ರೂವ್ ಹೊಡೆದು, ತುದಿಯಲ್ಲಿ ನಾಲಗೆಯಿರುವ ಮರದ ತುಂಡುಗಳನ್ನು ಹಲಗೆಯ ಅಡಿಗೆ ಸ್ಕ್ರೂ ಮಾಡಿ ಆ ನಾಲಗೆಗಳನ್ನು ಗ್ರೂವ್‌ಗೆ ಸಿಕ್ಕಿಸಿದೆ. ಹಳೆಯ ಮನೆಗಳ ಬಾಗಿಲಲ್ಲಿ ನಡುಹಲಗೆಯನ್ನು ಅಂಟಿಲ್ಲದೆ ಚೌಕಟ್ಟಿನ ಗ್ರೂವ್‌ನಲ್ಲಿ ಬಿಟ್ಟಿರುವ ಕ್ರಮವೇ ಇದು. ಹಲಗೆ ಒಡೆಯಲಿಲ್ಲ. ಆದರೆ ಗ್ರೂವ್‌ನ ಮೇಲೆ ಉಳಿದ ಪ್ಲೈವುಡ್‌ನ ಕಿರಿದಾದ ಅಂಚಿಗೆ ಬಲವಿಲ್ಲ. ಕಪಾಟನ್ನು ಜರುಗಿಸಲು ಇಬ್ಬರು ಮೇಲ್ಹಲಗೆಯನ್ನೇ ಹಿಡಿದೆತ್ತಿದಾಗ ಒಂದು ಕಡೆ ಆ ಅಂಚು ಪದರ ಪದರವಾಗಿ ಕಿತ್ತುಬಂತು. ಪಕ್ಕಗಳೂ ಮರದವಾಗಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ.

ಮೂರನೆಯದು ಈಗಲೂ ದೂರಿಲ್ಲದೆ ನಿಂತಿದೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಮುಂದೊಂದು, ನಡುವೊಂದು, ಹಿಂದೊಂದು ಹೀಗೆ 75 ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿಗಳನ್ನು ಮಲಗಿಸಿ ಕೂರಿಸಿದೆ. ಮುಂದಿನ ಪಟ್ಟಿಯಲ್ಲಿ ಸ್ಕ್ರೂವಿನ ಅಳತೆಯ ಗುಂಡು ತೂತುಗಳು. ಅಲ್ಲಿ ಹಲಗೆ ಅಲುಗಬಾರದು, ಏಕೆಂದರೆ ಕಣ್ಣಿಗೆ ಬೀಳುವುದು ಮುಂದಿನ ಅಂಚು. ಉಳಿದೆರಡು ಪಟ್ಟಿಗಳಲ್ಲಿ ಒತ್ತೊತ್ತಾಗಿ ಡ್ರಿಲ್ ಮಾಡಿ, ನಡುವಿನದನ್ನು ದುಂಡು ಅರದಿಂದ ಉಜ್ಜಿ ತೆಗೆದು, ಹಲಗೆಯ ಅಗಲದ ದಿಕ್ಕಿಗೆ 10 ಮಿ.ಮೀ. ಉದ್ದದ ತೂತುಗಳನ್ನು ಮಾಡಿ, ವಾಶರ್ ಹಾಕಿ ಸ್ಕ್ರೂ ಬಿಗಿದೆ. ಬಿಗಿತ ಹದವಾಗಿರಬೇಕು: ವಾಶರ್ ಪ್ಲೈವುಡ್‌ಗೆ ಕೂತ ಮೇಲೆ ಇನ್ನೂ ತಿರುಗಿಸಿ ಅದು ಮೇಲ್ಪದರದೊಳಗೆ ಇಳಿದರೆ, ತೂತು ಉದ್ದವಿದ್ದೂ ಹಲಗೆ ಸರಿಯುವುದಿಲ್ಲ. ಸ್ಕ್ರೂ ತೂತಿನ ಯಾವ ತುದಿಯಲ್ಲಿ ನಿಲ್ಲಬೇಕೆಂಬುದನ್ನು ಕಾಲ ನೋಡಿ ನಿರ್ಧರಿಸಬೇಕು. ಮಳೆಗಾಲದಲ್ಲಿ ಜೋಡಿಸಿದರೆ ಹಲಗೆ ಮುಂದೆ ಕುಗ್ಗುವುದೇ ಖಚಿತ, ಆದ್ದರಿಂದ ಸ್ಕ್ರೂ ಹಿಂತುದಿಯಲ್ಲಿರಬೇಕು. ಮಾರ್ಚ್‌ನಲ್ಲಿ ಜೋಡಿಸಿದರೆ ಮುಂತುದಿಯಲ್ಲಿ. ಹಿಂಭಾಗದಲ್ಲಿ ಗೋಡೆಗೂ ಹಲಗೆಗೂ ನಡುವೆ ಬಿಟ್ಟ ಸಂದನ್ನು ನಾನು ಮಾರ್ಚ್ ಮತ್ತು ಜುಲೈಯಲ್ಲಿ ಅಳೆದಾಗ ಕಂಡ ವ್ಯತ್ಯಾಸ 3 ಮಿ.ಮೀ.; ಲೆಕ್ಕಕ್ಕೆ ಅದು ಹತ್ತಿರವೇ ಇತ್ತು.

ಪ್ಲೈವುಡ್‌ನ ಅಂಚು ಮುಚ್ಚಲು ಹೊಡೆಯುವ ತೆಳು ಸಾಗುವಾನಿ ಪಟ್ಟಿಗೆ ಇಷ್ಟೆಲ್ಲ ಬೇಕಿಲ್ಲ. ಅದರ ಎಳೆ ಅಂಚಿನುದ್ದಕ್ಕೇ ಇರುವುದರಿಂದ ಪೂರ್ತಿ ಅಂಟು ಹಾಕಬಹುದು, ಮತ್ತು ಅಲ್ಲಿ ಅಂಟೇ ಮೊಳೆಗಿಂತ ಉತ್ತಮ. ಆದರೂ ಮಳೆಗಾಲದಲ್ಲಿ ಆ ಪಟ್ಟಿ ಪ್ಲೈವುಡ್‌ನ ಮೈಗಿಂತ ಕೂದಲೆಳೆಯಷ್ಟು ಎದ್ದು ಉಗುರಿಗೆ ಸಿಗುತ್ತದೆ, ಬೇಸಿಗೆಯಲ್ಲಿ ಮತ್ತೆ ಇಳಿಯುತ್ತದೆ. ಎದ್ದಾಗ ಅದನ್ನು ಉಜ್ಜಿ ಸಮ ಮಾಡಿದರೆ ಬೇಸಿಗೆಯಲ್ಲಿ ತಗ್ಗಾಗುವುದರಿಂದ, ಈಗ ನಾನು ಕೂಡಿದ ಗೆರೆಯ ಮೇಲೆ ಮೊದಲೇ ಸಣ್ಣದೊಂದು ಗೀರು ಎಳೆದು ಬಿಡುತ್ತೇನೆ. ಏರಿಳಿತ ಆ ಗೀರಿನ ನೆರಳಿನಲ್ಲಿ ಕಾಣದೆ ಹೋಗುತ್ತದೆ.